‘ನಾನು ಬರ್ತೇನೆ, ಬೇರೆಯವರು ಬರುದಿಲ್ಲ’

ಪುತ್ತೂರಿನ ಒಂದು ಕಾಲೇಜಿನಲ್ಲಿ ಹದಿನಾಲ್ಕು ವರ್ಷ ಅತಿಥಿ ಉಪನ್ಯಾಸಕಿಯಾಗಿ ಕನ್ನಡ ಪಾಠ ಮಾಡಿದ್ದೆ. ಆ ಕೆಲಸ ಒಂದು ಜೂನಿನಲ್ಲಿ, ಯಾರೂ ಬೇಡವೆಂದೂ ಹೇಳದೆ ಬನ್ನಿ ಎಂದೂ ಹೇಳದೆ, ತಾನಾಗಿ ನಿಂತುಹೋಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಒಬ್ಬಳು ಹುಡುಗಿ ಫೋನ್ ಮಾಡಿದಳು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಂಬರ್ ಕೊಟ್ಟಿದ್ದಳಂತೆ. ಒಂದು ಸಂಶೋಧನೆಯ ಪ್ರಶ್ನಾವಳಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು, ಆಮೇಲೆ ಅದನ್ನು ಹಿಡಿದುಕೊಂಡು ಮನೆಮನೆಗೆ ಹೋಗಿ ಕೇಳಬೇಕು. ತುಳು ಬರುವವರು ಬೇಕು, ಅರೆಭಾಷೆಯೂ ಬಂದರೆ ಇನ್ನೂ ಒಳ್ಳೆಯದು. ನನ್ನ ತವರು ಸುಳ್ಯದ ಕಡೆ, ಅರೆಭಾಷೆ ಮನೆಮಾತು. ತುಳು ಪುತ್ತೂರಿನ ಬಸ್ಸು, ಅಂಗಡಿ, ಸ್ಟಾಫ್ ರೂಮುಗಳಲ್ಲಿ ಕಲಿತದ್ದು. ಒಪ್ಪಿಕೊಂಡೆ.

“ಯಾವುದರ ಸಂಶೋಧನೆ?” ಎಂದು ಕೇಳಿದೆ.

“ಹವಾಮಾನ ಬದಲಾವಣೆ, ಮೇಡಂ. ಆದ್ರೆ ನಾವು ಓದೋದು ಹವಾಮಾನಾನ ಅಲ್ಲ, ಜನರನ್ನ. ಮಳೆ ಮೊದಲಿನ ಹಾಗಿಲ್ಲ ಅಂತ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಯಾಕೆ ಸುಮ್ನೆ ಕೂತಿರ್ತಾರೆ, ಏನು ಮಾಡಿದ್ರೆ ಎದ್ದು ಬರ್ತಾರೆ, ಅದನ್ನ ನೋಡೋದು ನಮ್ಮ ಕೆಲಸ.”

ಹೀಗೂ ಒಂದು ವಿದ್ಯೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಮಕ್ಕಳಿಂದ ಪರಿಸರದ ಬಗ್ಗೆ ಪ್ರಬಂಧ ಬರೆಸಿದ್ದೆ, ಚೆನ್ನಾಗಿ ಬರೆದವರಿಗೆ ಹೆಚ್ಚು ಅಂಕ ಕೊಟ್ಟಿದ್ದೆ. ಬರೆದವರಲ್ಲಿ ಯಾರಾದರೂ ಒಂದು ಗಿಡ ನೆಟ್ಟರೋ ಇಲ್ಲವೋ ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಫೋನ್ ಇಟ್ಟ ಮೇಲೆ ಅದನ್ನೇ ಯೋಚಿಸುತ್ತ ಕೂತೆ.

ಅವರು ನೋಡಬೇಕೆಂದಿದ್ದದ್ದು ಕಟ್ಟದ ಕೆಲಸವನ್ನು. ಕಟ್ಟ ಎಂದರೆ ಸಿಮೆಂಟಿನ ಅಣೆಕಟ್ಟಲ್ಲ. ಮಳೆ ನಿಂತು ತೋಡಿನ, ಎಂದರೆ ಊರ ಸಣ್ಣ ಹಳ್ಳದ, ನೀರು ಸಣ್ಣಗಾಗುವ ಹೊತ್ತಿಗೆ, ಡಿಸೆಂಬರಿನ ಆಸುಪಾಸು, ಊರವರೇ ಸೇರಿ ಕಲ್ಲು, ಮಣ್ಣು, ಅಡಿಕೆ ಮರದ ಸೀಳು, ಸೊಪ್ಪು ಹಾಕಿ ತೋಡಿಗೆ ಅಡ್ಡ ಕಟ್ಟುವ ಒಡ್ಡು. ನೀರು ಹಿಂದಕ್ಕೆ ನಿಂತು ನೆಲಕ್ಕೆ ಇಳಿಯುತ್ತದೆ, ಸುತ್ತಲಿನ ಬಾವಿಗಳು ಬೇಸಗೆಯಲ್ಲೂ ಬತ್ತುವುದಿಲ್ಲ. ಮಳೆಗಾಲಕ್ಕೆ ಮೊದಲು ಅದನ್ನು ಬಿಡಿಸುತ್ತಾರೆ. ಒಬ್ಬರಿಂದ ಆಗುವ ಕೆಲಸವಲ್ಲ ಅದು, ಹತ್ತು ಮನೆಯವರು ಬಂದರೆ ಒಂದೇ ದಿನದ್ದು. ಮನೆಮನೆಗೆ ಬೋರ್‌ವೆಲ್ ಬಂದ ಮೇಲೆ ಬಹಳ ಕಡೆ ನಿಂತುಹೋಗಿತ್ತು. ಈಗ ಮಳೆ ಬಂದರೆ ಒಟ್ಟಿಗೇ ಸುರಿದು ಹರಿದುಹೋಗುತ್ತದೆ, ಬೋರ್‌ವೆಲ್ಲೂ ಆಳಕ್ಕೆ ಇಳಿಯುತ್ತಿದೆ. ಹೀಗಿರುವಾಗ ಜನ ಮತ್ತೆ ಕಟ್ಟ ಹಾಕುತ್ತಾರೆಯೇ ಎಂಬುದು ಪ್ರಶ್ನೆ. ಬೇರೆ ತಾಲೂಕುಗಳಲ್ಲೂ ಕೆಲವು ತೋಡುಗಳನ್ನು ಆರಿಸಿದ್ದರು. ನನ್ನ ಪಾಲಿಗೆ ಬಂದದ್ದು ಎರಡು: ಒಂದು ಸುಳ್ಯದ ಕಡೆ, ನನ್ನ ತವರಿನಿಂದ ಒಂದು ಗುಡ್ಡದಾಚೆ, ಇನ್ನೊಂದು ಕಾಣಿಯೂರಿನಿಂದ ಒಳಗೆ.

ಅನುವಾದಕ್ಕೆ ಕೂತಾಗ ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ಹವಾಮಾನ ಬದಲಾವಣೆಯು ನಿಮ್ಮ ಮೇಲೆ ಪರಿಣಾಮ ಬೀರಿದೆಯೇ?’ ಎಂದು ಬರೆದು, ಪರೀಕ್ಷೆಗೆಂದು ನಮ್ಮ ಬಾಡಿಗೆ ಮನೆಯ ಒಡತಿಯನ್ನು ಕೇಳಿದೆ. ಅವರು ಬಟ್ಟೆ ಒಣಹಾಕುತ್ತಿದ್ದರು. “ಹೌದು ಮಾರಾಯ್ತಿ, ಒಂದು ವಾರದಿಂದ ಶೀತ, ಗಂಟಲೇ ಬಿಡುದಿಲ್ಲ” ಎಂದರು. ಆ ಸಾಲನ್ನು ಹೊಡೆದುಹಾಕಿ, ‘ಮಳೆ, ಸೆಕೆ, ತೋಡಿನ ನೀರು ನಿಮ್ಮ ಸಣ್ಣ ಪ್ರಾಯದಲ್ಲಿ ಇದ್ದ ಹಾಗೆ ಈಗ ಉಂಟಾ?’ ಎಂದು ಬರೆದೆ. ಮತ್ತೆ ಕೇಳಿದೆ. ಅವರು ಕೈಯಲ್ಲಿದ್ದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಅರ್ಧ ಗಂಟೆ ಮಾತಾಡಿದರು.

ಎರಡನೆಯ ಪ್ರಶ್ನೆ ಸುಲಭದ್ದು: ಕಟ್ಟ ಹಾಕಲು ನೀವು ಒಂದು ದಿನ ಬರುತ್ತೀರಾ? ಮೂರನೆಯದು ನನಗೆ ಇಷ್ಟವಾಗಲಿಲ್ಲ: ನಿಮ್ಮ ಸುತ್ತಲಿನ ಹತ್ತು ಮನೆಗಳಲ್ಲಿ ಎಷ್ಟು ಮನೆಯವರು ಬರಬಹುದು ಎಂದು ನಿಮಗೆ ಅನಿಸುತ್ತದೆ?

“ಇದು ಚಾಡಿ ಹೇಳಿಸಿದ ಹಾಗೆ ಆಗ್ತದೆ” ಎಂದು ಹುಡುಗಿಗೆ ಫೋನಿನಲ್ಲಿ ಹೇಳಿದೆ. “ಹಳ್ಳಿಯಲ್ಲಿ ಯಾರೂ ಇದಕ್ಕೆ ಉತ್ತರ ಕೊಡ್ಲಿಕ್ಕಿಲ್ಲ.”

“ಕೇಳಿ ನೋಡಿ ಮೇಡಂ. ಅದೇ ಮುಖ್ಯವಾದ ಪ್ರಶ್ನೆ” ಎಂದಳು. ಯಾಕೆ ಮುಖ್ಯ ಎಂದು ಕೇಳಿದರೆ ಹೇಳಲಿಲ್ಲ. ಮೊದಲೇ ಹೇಳಿದರೆ ನಾನು ಕೇಳುವ ಧಾಟಿ ಬದಲಾಗುತ್ತದಂತೆ. ಪ್ರಯೋಗಕ್ಕೆಂದು ನಾನೇ ಒಂದು ಫಾರಂ ತುಂಬಿಸಿ ಅವಳಿಗೆ ಕಳಿಸಿದೆ.

ನವೆಂಬರಿನ ಒಂದು ಬೆಳಿಗ್ಗೆ ಪುತ್ತೂರಿನಿಂದ ಸುಬ್ರಹ್ಮಣ್ಯದ ಬಸ್ಸು ಹತ್ತಿ ಕಾಣಿಯೂರಿನಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಒಳಗೆ ಹೋದೆ. ತೋಡಿನ ತಲೆಯಲ್ಲಿ ಮೊದಲ ಮನೆ. ಅರುವತ್ತರ ಪ್ರಾಯದ ಯಜಮಾನರು, ತುಳು ಮಾತಾಡುವವರು, ಸಿಟೌಟಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಅವರನ್ನು ಇಲ್ಲಿ ಮೇಲಿನ ಮನೆಯವರು ಎಂದೇ ಕರೆಯುತ್ತೇನೆ. “ಆಸರಿಗೆ ಎಂತ ಆಗ್ಬಹುದು ಟೀಚರಿಗೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗಿನಿಂದ ಬೆಲ್ಲ ನೀರು ತರಿಸಿದರು.

ಪ್ರಶ್ನೆ ಕೇಳುವ ಮೊದಲು ಒಂದು ಒಕ್ಕಣೆಯನ್ನು ಓದಿಹೇಳುವ ನಿಯಮ ಇತ್ತು. ‘ನೀವು ಹೇಳಿದ್ದನ್ನು ಬೇರೆ ಯಾರಿಗೂ ತಿಳಿಸುವುದಿಲ್ಲ.’ ಓದಿದೆ. ಅವರು ಕೈಬೀಸಿ, “ಅದೆಲ್ಲ ಇರ್ಲಿ, ಕೇಳಿ” ಎಂದರು.

ಮಳೆಯ ವಿಷಯಕ್ಕೆ ಅವರಲ್ಲಿ ಬಹಳ ಮಾತಿತ್ತು. “ಮೊದಲು ಶಿವರಾತ್ರಿ ಕಳೆದ್ರೂ ಈ ತೋಡಿನಲ್ಲಿ ಎಮ್ಮೆ ಮುಳುಗುವಷ್ಟು ನೀರು ಇತ್ತು. ಈಗ ಜನವರಿಯಲ್ಲೇ ಕಲ್ಲು ಕಾಣ್ತದೆ. ಮಳೆ ಬರುದಿಲ್ಲ ಅಂತ ಅಲ್ಲ. ಬರುವಾಗ ಒಟ್ಟಿಗೇ ಬರ್ತದೆ, ಹಾಗೇ ಹೋಗ್ತದೆ. ನಿಲ್ಲುದಿಲ್ಲ.”

“ಕಟ್ಟ ಹಾಕ್ಲಿಕ್ಕೆ ಒಂದು ದಿನ ಬರ್ತೀರಾ?”

“ನಾನು ಬರ್ತೇನೆ. ಯಾಕೆ ಬರುದಿಲ್ಲ? ಹಾರೆ ಹಿಡಿಯುವ ಶಕ್ತಿ ಇನ್ನೂ ಉಂಟು.”

“ನಿಮ್ಮ ಸುತ್ತಲಿನ ಹತ್ತು ಮನೆಯಲ್ಲಿ ಎಷ್ಟು ಮನೆಯವರು ಬಂದಾರು?”

ಅವರು ಜೋರಾಗಿ ನಕ್ಕರು. “ಎಂತ ಟೀಚರೇ, ತಮಾಷೆ ಮಾಡ್ತೀರಾ? ಬೇರೆಯವರು ಬರುದಿಲ್ಲ. ಎಲ್ಲರ ಮನೆಯಲ್ಲೂ ಬೋರ್‌ವೆಲ್ ಉಂಟು, ಸ್ವಿಚ್ ಹಾಕಿದ್ರೆ ನೀರು. ಒಂದು ಅಂತ ಬರೀರಿ. ಅದೂ ಹೆಚ್ಚಾಯ್ತು.”

ಒಂದು ಎಂದು ಬರೆದೆ.

ಎರಡನೆಯದು ತೋಡಿನ ಆಚೆ ಬದಿಯ ಮನೆ. ಅಲ್ಲಿ ತಲೆಮಾರುಗಳಿಂದ ಕನ್ನಡ ಮಾತಾಡುವ ಕುಟುಂಬ. ಗಂಡ ತೋಟದಲ್ಲಿದ್ದರು, ಹೆಂಡತಿ ಉತ್ತರ ಕೊಟ್ಟರು. ಇವರಿಗೂ ಮೇಲಿನ ಮನೆಯವರಿಗೂ ಒಂದು ಪೈಪಿನ ತಕರಾರಿನಿಂದಾಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ಅದನ್ನು ಅವರೇ ಹೇಳಿದರು. ಕಟ್ಟಕ್ಕೆ ಬರುತ್ತೀರಾ ಎಂದು ಕೇಳಿದ್ದಕ್ಕೆ, “ಇವರೂ ಬರ್ತಾರೆ, ಮಣ್ಣು ಹೊರ್ಲಿಕ್ಕೆ ನಾನೂ ಬರ್ತೇನೆ” ಎಂದರು. ಬೇರೆಯವರು? “ಒಂದು ಮೂರು ಮನೆಯವರು ಬರ್ಬಹುದು. ಮೇಲಿನ ಮನೆಯವರಂತೂ ಬರ್ಲಿಕ್ಕಿಲ್ಲ. ಅವರಿಗೆ ಎರಡು ಬೋರ್‌ವೆಲ್ ಉಂಟಲ್ಲ, ಕಟ್ಟ ಎಂತಕ್ಕೆ?”

ನನ್ನ ಚೀಲದಲ್ಲಿ ಮೇಲಿನ ಮನೆಯವರ ಫಾರಂ ಇತ್ತು. ನಾನು ಬರ್ತೇನೆ ಎಂದು ಅವರು ಹೇಳಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ನನ್ನ ಮುಖದಲ್ಲಿ ಏನೂ ಕಾಣಬಾರದೆಂದು ತಲೆ ತಗ್ಗಿಸಿ ಬರೆದೆ.

ಆಮೇಲೆ ಮನೆಯಿಂದ ಮನೆಗೆ ಹೋದ ಹಾಗೆ ನನ್ನ ಕುತೂಹಲ ಏರುತ್ತ ಹೋಯಿತು. ಒಬ್ಬರು ಹಟ್ಟಿಯಲ್ಲಿ ಹಾಲು ಕರೆಯುತ್ತ ಹೇಳಿದರು, ಒಬ್ಬರು ರಬ್ಬರ್ ಶೀಟು ಒಣಹಾಕುತ್ತ ಹೇಳಿದರು, ಮಂಗಳೂರಿನಲ್ಲಿ ಅಂಗಡಿ ಇಟ್ಟುಕೊಂಡು ವಾರಕ್ಕೊಮ್ಮೆ ಬರುವ ಒಬ್ಬರು ಕಾರಿನ ಬಾಗಿಲು ತೆರೆದಿಟ್ಟುಕೊಂಡೇ ಹೇಳಿದರು. ತುಳುವಿನಲ್ಲಾದರೆ “ಯಾನ್ ಬರ್ಪೆ, ಬೇತೆದಕುಲು ಬರ್ಪುಜೆರ್”, ಕನ್ನಡದಲ್ಲಾದರೆ “ನಾನು ಬರ್ತೇನೆ, ಬೇರೆಯವರು ಬರುದಿಲ್ಲ.” ಭಾಷೆ ಬೇರೆ, ಮಾತು ಒಂದೇ. ಮೊದಲ ದಿನ ಅದು ತಮಾಷೆಯಾಗಿ ಕಂಡಿತು. ಮೂರನೆಯ ದಿನ ಬಸ್ಸಿನಲ್ಲಿ ಫಾರಂಗಳನ್ನು ಒಂದೊಂದಾಗಿ ಮಗುಚುತ್ತಿದ್ದಾಗ ತಮಾಷೆ ಅನಿಸಲಿಲ್ಲ. ಇಡೀ ತೋಡಿನ ಉದ್ದಕ್ಕೂ ಎಲ್ಲರೂ ಹಾರೆ ಹಿಡಿದುಕೊಂಡು ಬಾಗಿಲ ಒಳಗೆ ನಿಂತಿದ್ದಾರೆ, ಪಕ್ಕದ ಮನೆಯ ಬಾಗಿಲು ತೆರೆಯುವುದನ್ನು ಕಾಯುತ್ತಿದ್ದಾರೆ. ಅದನ್ನು ನೋಡಿದವಳು ನಾನೊಬ್ಬಳೇ. ನಾನು ಹೇಳುವ ಹಾಗಿಲ್ಲ.

ಆಗ ಪ್ರಯೋಗಕ್ಕೆಂದು ತುಂಬಿಸಿದ ನನ್ನದೇ ಫಾರಂ ನೆನಪಾಗಿ ಮೊಬೈಲಿನಲ್ಲಿ ತೆರೆದು ನೋಡಿದೆ. ನಾನು ಬರುತ್ತೇನೆ: ಹೌದು. ಹತ್ತರಲ್ಲಿ ಎಷ್ಟು ಮನೆಯವರು ಬರಬಹುದು: ಎರಡು. ಯಾವ ಆಧಾರದಲ್ಲಿ ಎರಡು ಎಂದು ಬರೆದೆನೋ ನನಗೇ ಗೊತ್ತಿರಲಿಲ್ಲ. ನಮ್ಮ ಕಂಪೌಂಡಿನ ಬಾಡಿಗೆದಾರರಲ್ಲಿ ಯಾರೊಡನೆಯೂ ನಾನು ನೀರಿನ ವಿಷಯ ಮಾತಾಡಿದವಳೇ ಅಲ್ಲ.

ಕೊನೆಗೆ ಉಳಿದದ್ದು ತೋಡಿನ ಕೆಳತುದಿಯ ಒಂದು ಮನೆ. ಎಪ್ಪತ್ತು ದಾಟಿದ ಅಮ್ಮ ಒಬ್ಬರು, ಮಗಳು, ಅಳಿಯ, ಮೊಮ್ಮಕ್ಕಳು. ಮನೆಯ ವ್ಯವಹಾರವೆಲ್ಲ ಅಮ್ಮನದೇ ಎಂದು ಮಗಳು ಹೇಳಿದ್ದರಿಂದ ಅವರನ್ನೇ ಕೇಳಿದೆ. ಅವರು ಗೆರಸೆಯಲ್ಲಿ ಹುರುಳಿ ಹಸನು ಮಾಡುತ್ತಿದ್ದರು.

“ಕಟ್ಟಕ್ಕೆ ಬರ್ತೀರಾ ಅಮ್ಮ?”

“ಇಲ್ಲ. ನಾನು ಬರುದಿಲ್ಲ, ಇಲ್ಲಿಂದ ಯಾರನ್ನೂ ಕಳಿಸುದೂ ಇಲ್ಲ. ಮೇಲೆ ಕಟ್ಟ ಹಾಕಿದ್ರೆ ಅದು ತುಂಬುವವರೆಗೆ ಕೆಳಗೆ ನಮಗೆ ಒಂದು ಹನಿ ಬರುದಿಲ್ಲ. ಮೊದಲೂ ಹಾಗೇ ಆಗ್ತಿತ್ತು. ಹದಿನೈದು ದಿನ ನನ್ನ ತರಕಾರಿ ಬಾಡ್ತಿತ್ತು. ಯಾರೂ ಬಂದು ಕೇಳ್ಲಿಲ್ಲ.”

ಇಷ್ಟು ದಿನದಲ್ಲಿ ಇಲ್ಲ ಎಂದವರು ಅವರೊಬ್ಬರೇ. ಮೂರನೆಯ ಪ್ರಶ್ನೆಯನ್ನು ಅವರಿಗೂ ಕೇಳಲೇಬೇಕಲ್ಲ. “ಬೇರೆಯವರು ಬಂದಾರಾ?”

“ಎಲ್ಲರೂ ಬಂದಾರು. ಹತ್ತಕ್ಕೆ ಹತ್ತು. ಯಾಕೆ ಬರುದಿಲ್ಲ? ಅವರಿಗೆ ನೀರು ಬೇಡವಾ?” ಎಂದು ಗೆರಸೆ ಕೊಡವಿದರು.

ನಾನು ಪೆನ್ನು ಹಿಡಿದುಕೊಂಡು ಅವರನ್ನೇ ನೋಡಿದೆ. ಬರುತ್ತೇನೆ ಎಂದವರಿಗೆಲ್ಲ ಬೇರೆಯವರ ಮೇಲೆ ನಂಬಿಕೆಯಿಲ್ಲ. ನಂಬಿಕೆ ಇದ್ದ ಒಬ್ಬರೇ ಒಬ್ಬರು ಬರುವುದಿಲ್ಲ. ಈ ಮನುಷ್ಯರ ಒಳಗೆ ಏನು ನಡೆಯುತ್ತದೆ?

ಅಂದು ಸಂಜೆ ಕಾಣಿಯೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮೇಲಿನ ಮನೆಯವರು ಸೊಸೈಟಿಯಿಂದ ಹೊರಗೆ ಬಂದು ನನ್ನನ್ನು ಕಂಡು ನಿಂತರು.

“ಮುಗೀತಾ ಟೀಚರೇ ನಿಮ್ಮ ಲೆಕ್ಕ?”

“ಮುಗೀತು.”

“ಬೇರೆಯವರು ಎಂತ ಹೇಳಿದ್ರು?”

ನಾಲಗೆಯ ತುದಿಗೆ ಬಂದದ್ದನ್ನು ನುಂಗಿದೆ. “ಅದನ್ನು ಹೇಳ್ಲಿಕ್ಕಿಲ್ಲ. ನಿಮ್ಮ ಮನೆಯಲ್ಲೂ ಓದಿ ಹೇಳಿದ್ದೆನಲ್ಲ.”

“ಹೆಸರು ಹೇಳುದು ಬೇಡ ಮಾರಾಯ್ರೆ. ಬರ್ತಾರಾ ಇಲ್ವಾ, ಅಷ್ಟೇ.”

ನಾನು ಮಾತಾಡಲಿಲ್ಲ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, “ಗೊತ್ತಾಯ್ತು ಬಿಡಿ. ನಾನು ಮೊದಲೇ ಹೇಳಿದ್ದೇನಲ್ಲ” ಎಂದು ಸ್ಕೂಟರ್ ಹತ್ತಿ ಹೋದರು. ನನ್ನ ಮೌನವನ್ನೇ ಅವರು ಉತ್ತರ ಎಂದು ತಿಳಿದುಕೊಂಡಿದ್ದರು. ಸಂಪೂರ್ಣ ತಪ್ಪು ಉತ್ತರ. ಅದನ್ನು ತಿದ್ದುವುದಕ್ಕೂ ನನಗೆ ಆಗಲಿಲ್ಲ.

ಮನೆಗೆ ಬಂದವಳೇ ಹುಡುಗಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಅವಳ ದನಿಯಲ್ಲಿ ಸಂತೋಷ ಕೇಳಿಸಿತು.

“ಎಲ್ಲಾ ಕಡೆ ಹೀಗೇ ಬರ್ತಿದೆ ಮೇಡಂ! ಜನ ತಮ್ಮ ಬಗ್ಗೆ ಸರಿಯಾಗಿ ಹೇಳ್ತಾರೆ, ಪಕ್ಕದವರ ಬಗ್ಗೆ ತಪ್ಪಾಗಿ ಊಹಿಸ್ತಾರೆ. ಆ ಊಹೆ ತಪ್ಪು ಅಂತ ತೋರಿಸಿದ್ರೆ ಎದ್ದು ಬರ್ತಾರಾ? ಅದನ್ನೇ ನಾವು ಪರೀಕ್ಷೆ ಮಾಡ್ತಿರೋದು.”

“ಹಾಗಾದ್ರೆ ಈ ಭಾನುವಾರ ಒಂದು ಸಭೆ ಕರೆಯುವಾ. ಹೆಸರು ಬೇಡ, ಎಷ್ಟು ಮನೆ ಅಂತ ಮಾತ್ರ ಹೇಳುವಾ. ಡಿಸೆಂಬರ್ ಮುಗಿದ್ರೆ ಕಟ್ಟ ಹಾಕಿ ಪ್ರಯೋಜನ ಇಲ್ಲ.”

ಆಗ ಅವಳು ವಿಷಯ ಬಿಡಿಸಿ ಹೇಳಿದಳು. ಅರ್ಧ ತೋಡುಗಳವರಿಗೆ ಅವರದೇ ಉತ್ತರಗಳನ್ನು ತೋರಿಸುತ್ತಾರೆ. ಉಳಿದರ್ಧಕ್ಕೆ ಹವಾಮಾನದ ಬಗ್ಗೆ ಒಂದು ಕರಪತ್ರ ಮಾತ್ರ. ಆಗಲೇ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದು. ಯಾವ ತೋಡಿಗೆ ಯಾವುದು ಎಂದು ಚೀಟಿ ಎತ್ತಿಯಾಗಿತ್ತು. ಸುಳ್ಯದ ಕಡೆಯದಕ್ಕೆ ತೋರಿಸುವುದು. ಕಾಣಿಯೂರಿನದಕ್ಕೆ ಕರಪತ್ರ.

“ಅವರಿಗೆ ಯಾವಾಗ ಹೇಳುದು?”

“ಫೆಬ್ರವರಿಯಲ್ಲಿ, ಎರಡನೇ ಸುತ್ತು ಕೇಳಿದ ಮೇಲೆ.”

ಫೆಬ್ರವರಿಯಲ್ಲಿ ಆ ತೋಡಿನಲ್ಲಿ ಹಿಡಿದಿಡಲು ನೀರು ಎಲ್ಲಿರುತ್ತದೆ? ಅದನ್ನೂ ಹೇಳಿದೆ. ಹುಡುಗಿ ವಾದ ಮಾಡಲಿಲ್ಲ. “ನನಗೂ ಬೇಜಾರಾಗುತ್ತೆ ಮೇಡಂ. ಆದ್ರೆ ಎಲ್ಲರಿಗೂ ಹೇಳಿಬಿಟ್ರೆ ಇದು ನಿಜವಾಗ್ಲೂ ಕೆಲಸ ಮಾಡುತ್ತಾ ಅಂತ ಯಾರಿಗೂ ಯಾವತ್ತೂ ಗೊತ್ತಾಗಲ್ಲ” ಎಂದಳು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕೆಲಸ ಬಿಡಲೇ ಎಂದು ಎರಡು ದಿನ ಯೋಚಿಸಿದೆ. ಬಿಡಲಿಲ್ಲ. ಸುಳ್ಯದಲ್ಲಿ ಏನಾಗುತ್ತದೆಂದು ನೋಡುವ ಆಸೆ ನನಗಿತ್ತು. ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ.

ಸುಳ್ಯದ ಕಡೆಯ ತೋಡಿನವರೂ ಅದೇ ಮಾತು ಹೇಳಿದ್ದರು. ಡಿಸೆಂಬರಿನ ಮೊದಲ ಭಾನುವಾರ ಅವರನ್ನು ಶಾಲೆಯ ಜಗಲಿಗೆ ಕರೆದೆವು. ಅಂಕಿ ಹೇಳಿದರೆ ಕಿವಿಗೆ ಬಿದ್ದು ಹೋಗುತ್ತದೆ ಎಂದು, ತವರಿನಿಂದ ಚೆನ್ನೆಮಣೆ ಆಡುವ ಕೆಂಪು ಮಂಜೊಟ್ಟಿ ಕಾಳು ತಂದಿದ್ದೆ. ಮೇಜಿನ ಮೇಲೆ ಎರಡು ಪುಟ್ಟ ಗಾಜಿನ ಭರಣಿ. ಮೊದಲನೆಯದಕ್ಕೆ ‘ನಾನು ಬರುತ್ತೇನೆ’ ಎಂದ ಪ್ರತಿ ಮನೆಗೆ ಒಂದು ಕಾಳು ಹಾಕಿದೆ. ಎರಡನೆಯದಕ್ಕೆ, ಇಷ್ಟು ಮನೆಯವರು ಬರಬಹುದು ಎಂದು ಅವರೆಲ್ಲ ಹೇಳಿದ ಅಂದಾಜಿನ ಸರಾಸರಿ ಎಷ್ಟೋ ಅಷ್ಟು. ಮೊದಲ ಭರಣಿ ತುಂಬುತ್ತ ಬಂತು. ಎರಡನೆಯದರಲ್ಲಿ ಕಾಳು ತಳಕ್ಕೆ ಬಿದ್ದ ಸದ್ದು ಕೇಳುತ್ತಿತ್ತು.

ಹಿಂದಿನಿಂದ ಒಬ್ಬರು, “ಹಾಗಾದ್ರೆ ನಾನು ಬರ್ಲಿಕ್ಕಿಲ್ಲ ಅಂತ ಹೇಳಿದ್ದು ಯಾರು?” ಎಂದು ಗದರಿದರು. ಇಡೀ ಜಗಲಿ ನಕ್ಕಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು, ಎಲ್ಲರೂ ಎಲ್ಲರ ಬಗ್ಗೆಯೂ ಹೇಳಿದ್ದರಲ್ಲ. ನಗು ನಿಲ್ಲುವ ಮೊದಲೇ ಯಾರೋ ದಿನ ಗೊತ್ತುಮಾಡಿದರು. ಆ ದಿನ ಬಂದರು ಕೂಡ. ಎಲ್ಲರೂ ಅಲ್ಲ, ಜಗಲಿಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದ ಇಬ್ಬರು ಕಾಣಲಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಕಟ್ಟ ನಿಂತಿತು.

ಆ ಸಂತೋಷದಲ್ಲೇ ಮಾರನೆಯ ದಿನ ಕಾಣಿಯೂರಿಗೆ ಹೋಗಿ ಕರಪತ್ರ ಹಂಚಿದೆ. ಅದರಲ್ಲಿ ಬಾಯಿಗೆ ಥರ್ಮಾಮೀಟರ್ ಇಟ್ಟುಕೊಂಡು ಮಲಗಿದ ಭೂಮಿಯ ಚಿತ್ರ. ಕೆಳಗೆ ಉಪದೇಶ. ಮೇಲಿನ ಮನೆಯವರು ಅದನ್ನು ಗೌರವದಿಂದ ಎರಡೂ ಬದಿ ಓದಿದರು. ಆಮೇಲೆ ನಾಲ್ಕು ಮಡಿಕೆ ಮಾಡಿ ಅಲುಗಾಡುತ್ತಿದ್ದ ಟೀಪಾಯಿಯ ಕಾಲಿನಡಿಗೆ ಇಟ್ಟರು. “ದಪ್ಪ ಕಾಗದ, ಒಳ್ಳೆದಾಯ್ತು” ಎಂದರು. ನಾನು ಬೆಲ್ಲ ನೀರು ಕುಡಿದು ಎದ್ದೆ. ತೋಡಿನಲ್ಲಿ ಆಗ ಮೊಣಕಾಲಿನಷ್ಟು ನೀರು ಹರಿಯುತ್ತಿತ್ತು.

ಫೆಬ್ರವರಿಯಲ್ಲಿ ಮತ್ತೆ ಅದೇ ಮನೆಗಳು, ಅದೇ ಪ್ರಶ್ನೆಗಳು. ಕಟ್ಟ ಆಗಿರಲಿಲ್ಲ. ಮೂರನೆಯ ಪ್ರಶ್ನೆಗೆ ಅವರ ಅಂದಾಜು ಮೊದಲಿಗಿಂತ ಇಳಿದಿತ್ತು. “ನೋಡಿದ್ರಲ್ಲ, ಯಾರಾದ್ರೂ ಬಂದ್ರಾ?” ಎಂದು ತೋಡಿನ ಆಚೆ ಮನೆಯವರು ಕೇಳಿದರು. ಯಾರೂ ಬಾರದ್ದೇ ಬೇರೆಯವರು ಬರುವುದಿಲ್ಲ ಎಂಬುದಕ್ಕೆ ಸಾಕ್ಷಿಯಾಗಿತ್ತು. ತಾವೂ ಆ ಬೇರೆಯವರಲ್ಲಿ ಒಬ್ಬರು ಎಂದು ಯಾರಿಗೂ ಹೊಳೆದಿರಲಿಲ್ಲ.

ಸುತ್ತು ಮುಗಿದ ಭಾನುವಾರ ಭಜನಾ ಮಂದಿರದ ಚಪ್ಪರದಡಿ ಸಭೆ ಕರೆದೆವು. ಈ ಸಲ ಹುಡುಗಿಯೂ ಬಂದಿದ್ದಳು. ಅದೇ ಭರಣಿಗಳು, ಅದೇ ಕಾಳುಗಳು. ಮೊದಲನೆಯದು ತುಂಬುತ್ತ ಬಂದಾಗ ಜನ ಕತ್ತು ಉದ್ದ ಮಾಡಿ ನೋಡಿದರು. ಸುಳ್ಯದ ಹಾಗೆ ನಗು ಬರುತ್ತದೆಂದು ನಾನು ಕಾದೆ. ಬರಲಿಲ್ಲ.

ಮೇಲಿನ ಮನೆಯವರು ಎದ್ದು ನಿಂತರು. “ಇದು ನಿಮಗೆ ಯಾವಾಗ ಗೊತ್ತಾದದ್ದು ಟೀಚರೇ?”

“ನವೆಂಬರಿನಲ್ಲಿ.”

“ನಾನು ಬಸ್ಸಿನ ಹತ್ರ ಕೇಳಿದಾಗ?”

“ಗೊತ್ತಿತ್ತು.”

“ಆಗ ಒಂದು ಮಾತು ಹೇಳ್ಬಹುದಿತ್ತಲ್ಲ. ನೀರು ಇತ್ತು ಆಗ.”

ಹುಡುಗಿ ಮುಂದೆ ಬಂದು, ತಪ್ಪು ಮೇಡಂದಲ್ಲ, ತನ್ನದು ಎಂದಳು. ಹೊಸ ಮದ್ದನ್ನು ಪರೀಕ್ಷೆ ಮಾಡುವಾಗ ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದೆ ನೋಡುವುದನ್ನು ವಿವರಿಸಿದಳು. ತನ್ನ ಬೆಂಗಳೂರಿನ ಕನ್ನಡದಲ್ಲಿ, ಏನನ್ನೂ ಮುಚ್ಚಿಡದೆ ಹೇಳಿದಳು. ಮೇಲಿನ ಮನೆಯವರು ಕೊನೆಯವರೆಗೆ ಕೇಳಿಸಿಕೊಂಡರು.

“ಹಾಗಾದ್ರೆ ನಮ್ಮದು ಮದ್ದು ಕೊಡದ ತೋಡು” ಎಂದರು. “ಆಯ್ತು. ನಿಮಗೆ ಬೇಕಾದದ್ದು ಗೊತ್ತಾಯ್ತಲ್ಲ” ಎಂದು ಕೂತುಕೊಂಡರು.

ಆಗ ಹೆಂಗಸರ ಕಡೆಯಿಂದ ಆಚೆ ಮನೆಯವರು, ಪೈಪಿನ ತಕರಾರಿನವರು, ನೇರ ಅವರನ್ನೇ ನೋಡಿ ಕೇಳಿದರು. “ನೀವು ಬರ್ತೇನೆ ಅಂತ ಹೇಳಿದ್ರಾ?”

ಅವರಿಬ್ಬರ ಮಧ್ಯೆ ಮಾತಿಲ್ಲವೆಂದು ಗೊತ್ತಿದ್ದವರೆಲ್ಲ ತಿರುಗಿ ನೋಡಿದರು.

“ಹೇಳಿದ್ದೆ.”

“ನಾವೂ ಹೇಳಿದ್ದೆವು.”

ಅಷ್ಟೇ ಮಾತು. ಆದರೆ ಅದರಿಂದ ಉಳಿದವರ ಬಾಯಿ ಬಿಚ್ಚಿತು. ನಾನೂ ಹೇಳಿದ್ದೆ, ನಾನೂ ಹೇಳಿದ್ದೆ ಎಂದು ಒಬ್ಬೊಬ್ಬರೇ ತಾವಾಗಿ ಹೇಳಿಕೊಂಡರು. ನಾನು ಗುಟ್ಟಾಗಿ ಕಾಪಾಡಿದ್ದನ್ನೆಲ್ಲ ಅವರು ಐದು ನಿಮಿಷದಲ್ಲಿ ಚಪ್ಪರದಡಿ ಹರವಿದರು. ಮುಂದಿನ ಡಿಸೆಂಬರಿಗೆ ಕಟ್ಟ ಹಾಕುವುದೆಂದು ಮಾತು ಬಂತು.

“ನಾನು ಹೇಳಿರ್ಲಿಲ್ಲ” ಎಂದು ಯಾರೋ ಹೇಳಿದರು. ಕೆಳತುದಿಯ ಮನೆಯ ಅಮ್ಮ. ಕೂತಲ್ಲಿಂದ ಏಳದೆಯೇ ಮಾತಾಡಿದರು. “ಆ ಭರಣಿಯಲ್ಲಿ ನನ್ನ ಕಾಳು ಇಲ್ಲ. ನೀವು ಕಟ್ಟಿದ್ರೆ ನಮ್ಮ ತೋಡು ಒಣಗ್ತದೆ. ಎಷ್ಟು ವರ್ಷ ಒಣಗಿದೆ ಅಂತ ನಿಮಗೆ ಯಾರಿಗಾದ್ರೂ ಗೊತ್ತುಂಟಾ?”

ಯಾರಿಗೂ ಗೊತ್ತಿರಲಿಲ್ಲ. ಕಟ್ಟ ಹಾಕುತ್ತಿದ್ದ ಕಾಲದಲ್ಲಿ ಅವರು ದೂರು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ಮೇಲಿನ ಮನೆಯವರು ಸ್ವಲ್ಪ ಯೋಚಿಸಿ, “ಅಡಿಯಲ್ಲಿ ಒಂದು ಪೈಪು ಇಟ್ಟು ಕಟ್ಟಿದ್ರೆ? ತುಂಬುವವರೆಗೆ ಅದರಲ್ಲಿ ಸ್ವಲ್ಪ ಸ್ವಲ್ಪ ಕೆಳಗೆ ಹೋಗ್ಲಿ” ಎಂದರು.

“ಎಷ್ಟು ದಪ್ಪದ ಪೈಪು?” ಎಂದು ಅಮ್ಮ ಕೇಳಿದರು. ಆ ಚರ್ಚೆ ಕತ್ತಲಾಗುವವರೆಗೆ ನಡೆಯಿತು.

ಹುಡುಗಿ ನನ್ನ ಪಕ್ಕದಲ್ಲಿ ಕೂತು ಬೇಗ ಬೇಗ ಬರೆದುಕೊಳ್ಳುತ್ತಿದ್ದಳು. ಮರಳುವ ಬಸ್ಸಿನಲ್ಲಿ ಅವಳು ಹೇಳಿದ್ದು ನನಗೆ ಈಗಲೂ ನೆನಪಿದೆ. “ಇಲ್ಲ ಅಂದವರನ್ನ ಯಾಕೆ ಇಲ್ಲ ಅಂತ ಕೇಳೋ ಪ್ರಶ್ನೆಯೇ ನಮ್ಮ ಫಾರಂನಲ್ಲಿ ಇರಲಿಲ್ಲ ಮೇಡಂ.” ಇರಲಿಲ್ಲ. ಅನುವಾದ ಮಾಡಿದ ನನಗೂ ಅದು ತೋಚಿರಲಿಲ್ಲ. ಪುತ್ತೂರು ತಲುಪುವವರೆಗೆ ಅದನ್ನು ಯಾವ ಮಾತಿನಲ್ಲಿ ಕೇಳಬೇಕು ಎಂದು ಇಬ್ಬರೂ ಸೇರಿ ಯೋಚಿಸಿದೆವು. ‘ಯಾಕೆ ಬರುವುದಿಲ್ಲ’ ಎಂದರೆ ಜಗಳದ ಹಾಗಾಗುತ್ತದೆ. ‘ಬಂದರೆ ನಿಮಗೆ ಎಂತ ತೊಂದರೆ ಉಂಟು’ ಎಂದು ಕೇಳಬೇಕು.

ಆ ಬೇಸಗೆ ಕಾಣಿಯೂರಿನ ಕಡೆ ಕೆಟ್ಟದಾಗಿತ್ತು. ಮಾರ್ಚಿನಲ್ಲಿ ಮೇಲಿನ ಮನೆಯವರ ಎರಡು ಬೋರ್‌ವೆಲ್‌ಗಳಲ್ಲಿ ಒಂದು ನಿಂತಿತೆಂದು ಕೇಳಿದೆ. ಫೋನ್ ಮಾಡಲು ಧೈರ್ಯ ಬರಲಿಲ್ಲ.

ನವೆಂಬರಿನಲ್ಲಿ ಅವರೇ ಫೋನ್ ಮಾಡಿದರು. “ಡಿಸೆಂಬರ್ ಹನ್ನೆರಡನೇ ತಾರೀಕಿಗೆ ಕಟ್ಟ ಇಟ್ಟಿದ್ದೇವೆ. ಬನ್ನಿ. ಫಾರಂ ತರ್ಬೇಡಿ.”

ಹೋದೆ. ಹಳೆಯ ಸೀರೆ ಉಟ್ಟುಕೊಂಡು ಆಚೆ ಮನೆಯವರ ಜೊತೆ ಮಣ್ಣು ಹೊತ್ತೆ. ಅಡಿಕೆ ಮರದ ಸೀಳುಗಳನ್ನು ಊರಿ, ಮಧ್ಯೆ ಸೊಪ್ಪು, ಮಣ್ಣು ತುಂಬಿ ಮೆಟ್ಟುವುದು. ಈಗಿನವರು ಒಂದು ಪ್ಲಾಸ್ಟಿಕ್ ಹಾಳೆಯನ್ನೂ ಹಾಸುತ್ತಾರೆ. ಪೈಪನ್ನು ಇಟ್ಟದ್ದು ಕೆಳತುದಿಯ ಮನೆಯ ಅಳಿಯ. ಅಮ್ಮ ಒಂದು ಬಂಡೆಯ ಮೇಲೆ ಕೂತು ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದು ಮೂರು ಸಲ ತೆಗೆಸಿ ಇಡಿಸಿದರು. ಕಾಳು ಬಿದ್ದಿದ್ದ ಮನೆಗಳಲ್ಲಿ ಕೆಲವರು ಬರಲಿಲ್ಲ. ಮಂಗಳೂರಿನ ಅಂಗಡಿಯವರು ತಾವು ಬಾರದೆ ಎಲ್ಲರಿಗೂ ಮಧ್ಯಾಹ್ನದ ಊಟ ಕಳಿಸಿದರು. ಗಂಜಿ ಮಾಡಿಟ್ಟಿದ್ದ ಹೆಂಗಸರಿಗೆ ಅದರಿಂದ ಸ್ವಲ್ಪ ಸಿಟ್ಟೂ ಬಂತು. ಊಟದ ಹೊತ್ತಿಗೆ ಮೇಲಿನ ಮನೆಯವರು ನನ್ನ ಪಕ್ಕ ಬಂದು ಕೂತರು. ಹಿಂದಿನ ವರ್ಷದ ಮಾತು ಎತ್ತಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ಉಪ್ಪಿನಕಾಯಿ ಮುಂದಕ್ಕೆ ದೂಡಿದರು.

ಜನವರಿಯಲ್ಲಿ ಒಂದು ದಿನ, ಮಳೆ ಬರಬಾರದ ಕಾಲದಲ್ಲಿ, ಎರಡು ಗಂಟೆ ಜೋರು ಮಳೆ ಹೊಯ್ದಿತು. ಪುತ್ತೂರಿನಲ್ಲಿ ಅದನ್ನು ನೋಡುತ್ತಿದ್ದಾಗಲೇ ನನಗೆ ಕಟ್ಟದ ಚಿಂತೆ. ಮಾರನೆಯ ದಿನ ಮೇಲಿನ ಮನೆಯವರಿಗೆ ಫೋನ್ ಮಾಡಿದೆ.

“ಒಂದು ಬದಿ ಕಿತ್ತು ಹೋಗಿತ್ತು. ಬೆಳಿಗ್ಗೆ ಸರಿ ಮಾಡಿದೆವು.”

“ಯಾರು ಕರೆದದ್ದು ಎಲ್ಲರನ್ನೂ?”

“ಯಾರೂ ಕರೀಲಿಲ್ಲ. ನಾನು ಹೋಗುವಾಗ ಆಗಲೇ ನಾಲ್ಕೈದು ಜನ ಇದ್ರು.”

ಈ ಸುದ್ದಿಯನ್ನು ಹುಡುಗಿಗೆ ತಿಳಿಸಿದೆ. ಮೊದಲು ಬಂದವರು ಯಾರು, ಅವರು ಏನನ್ನು ನೋಡಿ ಬಂದರು ಎಂದು ಅವಳು ಕೇಳಿದಳು. ಗೊತ್ತಿಲ್ಲ ಎಂದೆ. ಮುಂದಿನ ವಾರ ನಾವಿಬ್ಬರೂ ಅಲ್ಲಿಗೆ ಹೋದೆವು. ಕೆಳತುದಿಯ ಮನೆಯ ಅಮ್ಮ ಅಂಗಳದಲ್ಲಿ ನಿಂತು, ಪೈಪಿನಿಂದ ಬರುವ ನೀರಿನಲ್ಲಿ ಬೆಳೆದ ಬಸಳೆಯನ್ನು ಕೊಯ್ಯುತ್ತಿದ್ದರು. ಒಂದು ಕಟ್ಟು ನನಗೆ, ಒಂದು ಕಟ್ಟು ಹುಡುಗಿಗೆ ಕೊಟ್ಟು, “ಕೂತ್ಕೊಳ್ಳಿ, ಎಂತ ಕೇಳ್ಲಿಕ್ಕುಂಟು?” ಎಂದರು.